ಜಗದೇವಪ್ಪನವರ ಒಣ ಬೂಟು

ಹೆಂಡತಿಯ ತವರಿನಲ್ಲಿ ಸಾವಾದಾಗ ಗಂಡನಾದವನು ಕಾಲಿಗೆ ಏನು ಹಾಕಿಕೊಂಡು ಹೋಗಬೇಕು ಎಂಬುದನ್ನು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ. ಬರೆದಿದ್ದರೆ ಆ ದಿನ ಆಳಂದದ ಜಗದೇವಪ್ಪನವರ ಮನೆಯಲ್ಲಿ ಅಷ್ಟು ಮಾತಾಗುತ್ತಿರಲಿಲ್ಲ.

ಬೆಳಗ್ಗೆ ಜೇವರ್ಗಿ ಕಡೆಯಿಂದ ಫೋನು ಬಂದಿತ್ತು. ಹೆಂಡತಿ ಶಾರದಾಬಾಯಿಯವರ ಅಣ್ಣ ಗುಂಡೇರಾಯರು ತೀರಿಕೊಂಡಿದ್ದರು, ಸಂಜೆಯೊಳಗೆ ಮಣ್ಣು ಮಾಡುವುದಿತ್ತು. ಹೊರಗೆ ಮಳೆ ಹಿಡಿದುಕೊಂಡು ಹೊಯ್ಯುತ್ತಿತ್ತು. ಆಕೆ ಗೋಡೆಗೆ ಒರಗಿ ಅತ್ತರು, ಎದ್ದು ಮುಖ ತೊಳೆದುಕೊಂಡು ಬಂದರು. ಬಂದು ನೋಡಿದರೆ ಯಜಮಾನರು ಪಲಂಗದ ಕೆಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆಯುತ್ತಿದ್ದರು.

“ಏನ್ರಿ ಅದು?”

“ಬೂಟು.”

“ಸತ್ತ ಮನಿಗಿ ಹೊಸಾ ಬೂಟಾ?”

“ಹೌದು. ನೋಡ್ಲಿ ನಿಮ್ಮ ಮಂದಿ. ಜಗದೇವಪ್ಪ ಎಂಥಾ ಮನಷ್ಯಾ ಅಂತ ಕಾಲು ನೋಡಿದ್ರ ತಿಳೀಬೇಕು.”

ಸೊಲ್ಲಾಪುರದಿಂದ ತಂದ ಅಪ್ಪಟ ಚರ್ಮದ ಕರಿ ಬೂಟು ಅದು. ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಿವೃತ್ತರಾದ ಮೇಲೆ ಜಗದೇವಪ್ಪನವರು ತಮಗೆ ತಾವೇ ಸಲ್ಲಿಸಿಕೊಂಡ ಸನ್ಮಾನ. (ಬೇರೆ ಯಾರೂ ಸಲ್ಲಿಸಿರಲಿಲ್ಲ.) ತಂದಾಗಿನಿಂದ ಅದು ಪೆಟ್ಟಿಗೆಯಲ್ಲಿಯೇ ವಾಸವಾಗಿತ್ತು, ಅಮಾವಾಸ್ಯೆಗೊಮ್ಮೆ ಪಾಲಿಶು ಮಾತ್ರ ಆಗುತ್ತಿತ್ತು.

ಆ ಮನೆಯವರಿಗೆ ಕಾಲು ತೋರಿಸುವ ಹಟಕ್ಕೆ ಒಂದು ಹಳೆಯ ಕಾರಣವಿತ್ತು. ಜಗದೇವಪ್ಪನವರು ಆಳಂದದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ ಗುಂಡೇರಾಯರು ತಂಗಿಯ ಮನೆಗೆಂದು ಜೋಳದ ಚೀಲ ಹೆಗಲ ಮೇಲೆ ಹೊತ್ತು ಬಂದಿದ್ದರು. ಅಂದೂ ಮಳೆ. ಹೊಲದ ಮನುಷ್ಯನ ಕಾಲು, ಎರೆಮಣ್ಣು ಮೊಣಕಾಲಿನವರೆಗೆ. “ಅಲ್ಲೇ ನಿಂದರ್ರಿ! ಫರಸಿ ಹೊಲಸಾಗತದ!” ಎಂದು ಜಗದೇವಪ್ಪನವರು ಹೊಸ ಕಲ್ಲುಹಾಸಿನ ನೆಲ ತೋರಿಸಿ, ತುಂಬಿದ ಬಳಗದ ಮುಂದೆ ಕೂಗಿದರು. ಗುಂಡೇರಾಯರು ಚೀಲವನ್ನು ಮೆಟ್ಟಿಲ ಮೇಲಿಳಿಸಿ, ಬಂದ ದಾರಿಯಲ್ಲೇ ತಿರುಗಿ ಹೋದರು. ಅವರು ಮತ್ತೆ ಆಳಂದಕ್ಕೆ ಬರಲಿಲ್ಲ, ಇವರು ಅಲ್ಲಿಗೆ ಹೋಗಲಿಲ್ಲ. ನಾಗರ ಪಂಚಮಿಗೆ ಶಾರದಾಬಾಯಿ ಒಬ್ಬರೇ ತವರಿನ ಬಸ್ಸು ಹತ್ತುತ್ತಿದ್ದರು.

“ನಂದು ಒಂದೇ ಮಾತು,” ಎಂದರು ಶಾರದಾಬಾಯಿ. “ನಿಮ್ಮ ಕೈಲೆ ಒಂದು ಹಿಡಿ ಮಣ್ಣು ಬೀಳಬೇಕು. ಬದುಕಿದ್ದಾಗ ಆಗಲಿಲ್ಲ, ಈಗರೆ ಆಗ್ಲಿ. ಅಲ್ಲಿ ಹೋಗಿ ಮತ್ತ ನನ್ನ ಮಾರಿ ಕೆಳಗ ಮಾಡಿದ್ರ ನಾ ಹೊಳ್ಳಿ ನಿಮ್ಮ ಮನಿಗಿ ಬರಂಗಿಲ್ಲ, ನೋಡ್ರಿ.”

ಆಕೆ ಹೇಳಿದ್ದನ್ನು ಮಾಡುವ ಹೆಂಗಸು. ಜಗದೇವಪ್ಪನವರು ಗಂಭೀರವಾಗಿ ತಲೆ ಆಡಿಸಿ, ಬೂಟಿನ ದಾರ ಬಿಗಿದುಕೊಂಡರು.

ಬಸ್ಸಿನ ಮಾಡು ಸೋರುತ್ತಿತ್ತು. ಕಾಲ ಕೆಳಗೆ ನೀರು ಹರಿದಾಡತೊಡಗಿದಾಗ ಅವರು ಎರಡೂ ಕಾಲನ್ನು ಸೀಟಿನ ಮೇಲಿಟ್ಟುಕೊಂಡು ತಪಸ್ಸಿಗೆ ಕುಳಿತವರ ಹಾಗೆ ಕುಳಿತರು. ಕಡಗಂಚಿಯಲ್ಲಿ ಹತ್ತಿದ ಮಂದಿಗೆ ಜಾಗವಿಲ್ಲ. ಕಂಡಕ್ಟರ್ ಬಂದು ನೋಡಿದ.

“ಕಾಕಾ, ಬೂಟಿಗೂ ಒಂದು ಟಿಕೀಟು ಕೊಡ್ಲೇನ್ರಿ?”

“ಹೊಸಾವು ಅವಪಾ.”

“ಮಳ್ಯಾಗ ಹೊರಗ ತರಬಾರ್ದಾಗಿತ್ತು. ಪಾಪ, ಸಣ್ಣವು ಅವ.”

ಬಸ್ಸೆಲ್ಲ ನಕ್ಕಿತು. ಶಾರದಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಕಲಬುರಗಿಯಲ್ಲಿ ಇಳಿದಾಗ ಆಕೆ ಹೇಳಿದರು: “ಜೇವರ್ಗಿ ಬಸ್ಸು ನಾ ನೋಡ್ತೇನಿ. ನೀವು ಲಗೂನ ಹೋಗಿ ಅಣ್ಣಗ ಹೊದಿಸಾಕ ಒಂದು ಛಲೋ ಶಾಲು ತರ್ರಿ. ಬರಿಗೈಲೆ ಹೋಗಬಾರ್ದು.”

ಜಗದೇವಪ್ಪನವರು ಹೋದರು. ಆದರೆ ಅಂಗಡಿಯ ಮುಂದೆ ಮೊಣಕಾಲು ಮಟ್ಟದ ನೀರು ಕಂಡದ್ದೇ ಶಾಲು ಮರೆತುಹೋಯಿತು, ಬೂಟು ನೆನಪಾಯಿತು. ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ಬೂಟು ಬಿಚ್ಚಿ, ಕೈಯಲ್ಲಿ ಹಿಡಿದು ನೀರು ದಾಟಿದರು. ಒಂದು ಗಟ್ಟಿ ಚೀಲ ಬೇಕೆಂದು ಕೇಳಿದರು. ಏನಾದರೂ ಕೊಂಡರೆ ಮಾತ್ರ ಚೀಲ ಎಂದ ಅಂಗಡಿಯವನು. ಅವರು ಒಂದು ಕರವಸ್ತ್ರ ಕೊಂಡರು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು.

ಬರಿಗಾಲಿನಲ್ಲಿ ಓಡಿಬಂದ ಗಂಡನನ್ನೂ, ನಗುತ್ತಿರುವ ಮದುಮಗಳ ಚಿತ್ರವಿದ್ದ ಆ ದೊಡ್ಡ ಚೀಲವನ್ನೂ ನೋಡಿ ಶಾರದಾಬಾಯಿಗೆ ಸಮಾಧಾನವಾಯಿತು.

“ಶಾಲು ಛಲೋದು ಸಿಕ್ತೇನ್ರಿ?”

“ಇದರಾಗ ಬೂಟು ಅವ. ಶಾಲು ಜೇವರ್ಗ್ಯಾಗ ತಗೊಂಡ್ರಾತು.”

ಆಕೆ ಏನೂ ಅನ್ನಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಜಗದೇವಪ್ಪನವರು ಅತಿ ಹೆಚ್ಚು ಹೆದರಿದ್ದು ಆಕೆ ಏನೂ ಅನ್ನದಿದ್ದಾಗ.

ಜೇವರ್ಗಿಯಲ್ಲಿ ಮೂರು ಗಾಲಿಯ ಟಂಟಂ ಹೊರಟು ನಿಂತಿತ್ತು. ಅದು ಬಿಟ್ಟರೆ ಗುಂಡೇರಾಯರ ಊರಿಗೆ ಬೇರೆ ಗಾಡಿ ಇಲ್ಲ. ಅಂಗಡಿಗೆ ಹೋದರೆ ಮಣ್ಣು ತಪ್ಪುತ್ತದೆ, ಹತ್ತಿದರು. ಊರಿಗೆ ಇನ್ನೂ ಒಂದು ಹರದಾರಿ ಇರುವಾಗ ಗಾಡಿಯ ಗಾಲಿ ಕೆಸರಿನಲ್ಲಿ ಕುಸಿದವು. “ಮುಂದ ಆಗಂಗಿಲ್ರಿ ಚಾಚಾ, ನಡೀರಿ,” ಎಂದ ಟಂಟಂ ಓಡಿಸುವ ಸೊಹೇಲ. ಎರೆಮಣ್ಣಿನ ದಾರಿ; ಒಂದೊಂದು ಹೆಜ್ಜೆಗೆ ಒಂದೊಂದು ಹೆಂಟೆ ಕಾಲಿಗೆ ಹತ್ತುತ್ತಿತ್ತು. ಜಗದೇವಪ್ಪನವರು ಧೋತರ ಎತ್ತಿಕಟ್ಟಿ, ಮದುಮಗಳ ಚೀಲವನ್ನು ಎದೆಗೆ ಅವಚಿಕೊಂಡು, ಎರಡು ಸಲ ಜಾರಿ ಬಿದ್ದರು. ಎರಡೂ ಸಲ ಚೀಲವನ್ನು ಮೇಲಕ್ಕೆತ್ತಿ ಹಿಡಿದೇ ಬಿದ್ದರು. ಊರ ಮುಂದಿನ ನಳದಲ್ಲಿ ಕಾಲು ತೊಳೆದು, ಬೂಟು ಹಾಕಿಕೊಂಡು, ಗತ್ತಿನಿಂದ ಹೆಜ್ಜೆ ಇಡುವುದು ಅವರ ಯೋಜನೆ.

ನಳಕ್ಕೆ ನೀರು ಬಂದಿರಲಿಲ್ಲ. ಶವ ಆಗಲೇ ಓಣಿ ದಾಟಿ ಹೊಲದ ಕಡೆ ಹೊರಟಿತ್ತು. ಮೊಣಕಾಲಿನವರೆಗೆ ಕೆಸರಾದ ಜಗದೇವಪ್ಪನವರನ್ನು ಕಂಡು ಭಜನೆಯವರು ಒಂದು ಕ್ಷಣ ತಾಳ ನಿಲ್ಲಿಸಿದರು.

“ಫರಸಿ ಮ್ಯಾಲ ಕಾಲಿಡಬ್ಯಾಡ ಅಂದವರು ಹ್ಯಾಂಗ ಬಂದಾರ ನೋಡ್ರಿ,” ಎಂದು ಯಾರೋ ಮೆಲ್ಲಗೆ ಅಂದರು.

ಗುಂಡೇರಾಯರ ಮಗ ಅನೀಲಕುಮಾರನ ಕಣ್ಣು ತುಂಬಿದವು. “ಕೊಡ್ರಿ ಮಾಮಾ,” ಎಂದು ಚೀಲಕ್ಕೆ ಕೈ ಹಾಕಿದ. ಜಗದೇವಪ್ಪನವರು ಬಿಡಲಿಲ್ಲ. ಅವನು ಎಳೆದ. ಇವರು ಹಿಡಿದರು. “ನಿಮ್ಮ ದುಃಖ ನನಗ ತಿಳೀತದ, ಮಾಮಾ,” ಎಂದು ಅವನು ಚೀಲ ಕಿತ್ತುಕೊಂಡು, ಬೀಗರು ತಂದ ಶಾಲುಗಳನ್ನು ಹೊತ್ತವನ ಬುಟ್ಟಿಯಲ್ಲಿ ಇಟ್ಟು ಮುಂದೆ ನಡೆದ.

ಹೊಲದಲ್ಲಿ ತೋಡಿದ ಕುಣಿಯ ಮೇಲೆ ನಾಲ್ವರು ತಾಡಪತ್ರಿ ಹಿಡಿದಿದ್ದರು. ಗುಂಡೇರಾಯರನ್ನು ಒಳಗೆ ಕೂಡಿಸಿ ಆಗಿತ್ತು. ಕ್ರಿಯೆ ಮಾಡಿಸುವ ಅಯ್ಯನವರು ಒಂದೊಂದೇ ಚೀಲ ತೆಗೆದು, “ಇದು ಅಫಜಲಪುರದ ಬೀಗರ ಶಾಲು,” ಎಂದು ಹೊದಿಸುತ್ತಿದ್ದರು. ಮಂದಿಯ ಹಿಂದೆ ಜಗದೇವಪ್ಪನವರು ಮುಂದಕ್ಕೆ ನುಸುಳಲು ಒದ್ದಾಡುತ್ತಿದ್ದರು.

“ಇದು ಆಳಂದದ ಅಳಿಯಾರು ತಂದ...” ಎಂದು ಅಯ್ಯನವರು ಕೈ ಹಾಕಿ, ಎಡಗಾಲಿನ ಬೂಟನ್ನು ಹೊರತೆಗೆದರು.

ತಾಡಪತ್ರಿ ಹಿಡಿದ ನಾಲ್ವರೂ ಕುತ್ತಿಗೆ ಚಾಚಿ ನೋಡಿದರು.

“ಸತ್ತ ಮ್ಯಾಲೂ ಬಿಡಲಿಲ್ಲಲ್ಲ ಮಾರಾಯಾ!” ಎಂದರು ಅಫಜಲಪುರದ ಬೀಗರು. ಅನೀಲಕುಮಾರನ ಮುಖ ಕಪ್ಪಿಟ್ಟಿತು. “ಮಾಮಾ, ಏನಿದು? ನಮ್ಮಪ್ಪನ ಮುಂದ ಬೂಟು?”

ಜಗದೇವಪ್ಪನವರ ಬಾಯಿ ತೆರೆಯಿತು, ಮಾತು ಬರಲಿಲ್ಲ. ಬಂದದ್ದು ಶಾರದಾಬಾಯಿ. ಹೆಂಗಸರ ನಡುವಿನಿಂದ ಸರಸರ ಬಂದು ನಿಂತರು.

“ಏನು ನೋಡ್ತಿಯೋ ಅನೀಲ? ನಿಮ್ಮಪ್ಪ ಹುಟ್ಟಿದಾಗಿಂದ ಕೆಸರಾಗ ನಡದಾನ. ಹೋಗೋ ದಾರ್ಯಾಗರೆ ಕಾಲು ಒಣಾ ಇರ್ಲಿ ಅಂತ ತಂದಾರ. ತಾವು ಬರಿಗಾಲಿಲೆ ಬಂದಾರ, ಬೂಟಿಗಿ ಒಂದು ಹನಿ ಬಿದ್ದಿಲ್ಲ. ಎರಡು ಸಲ ಬಿದ್ರು, ಚೀಲ ಕೆಳಗ ಇಟ್ಟಿಲ್ಲ. ಕೇಳು, ನಿನ್ನ ಕಣ್ಣಿಲೆ ನೋಡು ಅವರ ಕಾಲು!”

ಬೂಟು ಯಾರಿಗಾಗಿ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗುಂಡೇರಾಯರ ಹೆಂಡತಿ ಕಸ್ತೂರಿಬಾಯಿ ಜೋರಾಗಿ ಅಳತೊಡಗಿದರು. ಬೀಗರು ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು.

ಅಯ್ಯನವರು ಬೂಟನ್ನು ತಿರುಗಿಸಿ ನೋಡಿದರು. “ಎಲ್ಲಾ ಖರೆ, ತಾಯಿ. ಆದ್ರ ಚರ್ಮದ್ದಿದ್ರ ಕುಣ್ಯಾಗ ನಡ್ಯಂಗಿಲ್ಲ. ಮೈಲಿಗಿ. ಯಜಮಾನ್ರೇ, ಚರ್ಮದ್ದೋ, ರೆಕ್ಸಿನ್ನೋ?”

ಜಗದೇವಪ್ಪನವರಿಗೆ ಒಂದು ಬಾಗಿಲು ತೆರೆದಂತಾಯಿತು. ಚರ್ಮ ಎಂದರೆ ಬೂಟು ಮರಳಿ ಬರುತ್ತದೆ. ಆದರೆ ಸತ್ತವರ ಕುಣಿಗೆ ಮೈಲಿಗೆಯ ಚರ್ಮ ತಂದವನೆಂಬ ಹೆಸರೂ ಬರುತ್ತದೆ. ಹೆಂಡತಿಯ ಮುಖ ನೋಡಿದರು. ಆಕೆ ಅವರನ್ನು ನೋಡಲಿಲ್ಲ. ಕುಣಿಯಲ್ಲಿ ಕುಳಿತ ಅಣ್ಣನನ್ನು ನೋಡುತ್ತಿದ್ದರು.

“ರೆಕ್ಸಿನ್ನು,” ಎಂದರು ಜಗದೇವಪ್ಪನವರು ಮೆಲ್ಲಗೆ.

“ಕೇಳಲಿಲ್ರಿ!”

“ರೆಕ್ಸಿನ್ ಅದರಿ! ಅಗ್ಗದ್ದು! ಸಂತ್ಯಾಗ ತಂದದ್ದು!”

ಸೊಲ್ಲಾಪುರದ ಅಪ್ಪಟ ಚರ್ಮ ಗುಂಡೇರಾಯರ ಪಾದದ ಬಳಿ ಇಳಿಯಿತು, ವಿಭೂತಿ ಮತ್ತು ಬಿಲ್ವಪತ್ರೆಯ ನಡುವೆ. “ಮೊದಲ ಅಳಿಯಾರು ಮಣ್ಣು ಕೊಡ್ರಿ,” ಎಂದು ಎಲ್ಲರೂ ದಾರಿ ಬಿಟ್ಟರು. ಜಗದೇವಪ್ಪನವರು ಹಿಡಿ ತುಂಬ ಒದ್ದೆ ಎರೆಮಣ್ಣು ತೆಗೆದು ಹಾಕಿದರು. ಅದು ನೇರ ಬೂಟಿನ ಮೇಲೆ ಬಿತ್ತು. ಅವರಿಗೆ ತಡೆಯಲಾರದೆ ಅಳು ಬಂತು. ಯಾವುದಕ್ಕಾಗಿ ಅತ್ತರೋ ಅವರಿಗೇ ಸರಿಯಾಗಿ ತಿಳಿಯಲಿಲ್ಲ. ಮೊದಲು ಬೂಟಿಗಾಗಿಯೇ ಇರಬೇಕು. ಆಮೇಲೆ ಆ ಜೋಳದ ಚೀಲ ಕಣ್ಣ ಮುಂದೆ ಬಂತು, ಅಳು ನಿಲ್ಲಲಿಲ್ಲ.

ಮೂರನೆಯ ದಿನಕ್ಕೆ ಮತ್ತೆ ಬರುವುದೆಂದು ಹೇಳಿ ಗಂಡ ಹೆಂಡತಿ ಹೊರಟಾಗ ಕಸ್ತೂರಿಬಾಯಿ ಒಳಗಿನಿಂದ ಗೋಣಿತಟ್ಟಿನಲ್ಲಿ ಸುತ್ತಿದ ಏನನ್ನೋ ತಂದರು. ಗುಂಡೇರಾಯರ ಚಪ್ಪಲಿ. ಯುಗಾದಿಯಿಂದ ಹಾಸಿಗೆ ಹಿಡಿದಿದ್ದರೂ ವಾರವಾರ ಅದಕ್ಕೆ ಎಣ್ಣೆ ಸವರಿಸುತ್ತಿದ್ದರಂತೆ, ಮಳೆ ಬಿದ್ದ ಮೇಲೆ ಹೊಲಕ್ಕೆ ಹೋಗುತ್ತೇನೆ ಎಂದು.

“ಅಣ್ಣಾರ, ನೀವು ಬರಿಗಾಲಿಲೆ ಹೋಗಬ್ಯಾಡ್ರಿ. ಇವು ನಿಮಗೇ ಸೇರಬೇಕು.”

ಬೇಡ ಎನ್ನುವ ಹಾಗಿರಲಿಲ್ಲ. ಎರಡು ಬೆರಳು ದೊಡ್ಡದಾದ ಆ ಚಪ್ಪಲಿ ಮೆಟ್ಟಿಕೊಂಡು ಜಗದೇವಪ್ಪನವರು ಕಾಲೆಳೆಯುತ್ತ ನಡೆದರು. ಕಾಲಿಗೆ ಏನೋ ಒಂದು ಸಿಕ್ಕಿತಲ್ಲ ಎಂಬ ಸಣ್ಣ ಸಮಾಧಾನ. ಓಣಿಯ ಕೊನೆಯಲ್ಲಿ ಕೆಸರು ಶುರುವಾಗುವಲ್ಲಿ ಮಳೆ ಮತ್ತೆ ಹಿಡಿಯಿತು. ಮುಂದೆ ಹೋಗುತ್ತಿದ್ದ ಶಾರದಾಬಾಯಿ ನಿಂತು, ತಿರುಗಿ, ಗಂಡನ ಕಾಲನ್ನೇ ನೋಡಿದರು.

“ಬಿಚ್ಚರಿ ಅವನ್ನ.”

“ಯಾಕ?”

“ನಮ್ಮಣ್ಣನ ಚಪ್ಲಿ ತೊಯ್ತಾವ.”

ಜಗದೇವಪ್ಪನವರು ಬಿಚ್ಚಿದರು. ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಂಡರು. ಧೋತರ ಎತ್ತಿಕಟ್ಟಿ ಕೆಸರಿಗೆ ಇಳಿದರು.