ನೊರೆಗೆ ಅಂಟಿದ ಭಾಗ್ಯ

ಲ್ಯಾಬಿನ ಯಂತ್ರದ ಮೋಟರು ಸುಟ್ಟುಹೋದದ್ದೇ ನೆಪ. ಶುಕ್ರವಾರ ಬೆಳಿಗ್ಗೆ ವಾಗೀಶ ತನ್ನ ಪಿಎಚ್.ಡಿ.ಯನ್ನು ಬಕೆಟ್ಟಿಗೆ ಸುರಿದುಕೊಂಡು ವಿದ್ಯಾರಣ್ಯಪುರಂನ ಬಾಡಿಗೆ ಮನೆಯ ಹಿತ್ತಲಲ್ಲಿ ಕೂತ.

ಬಕೆಟ್ಟಿನಲ್ಲಿದ್ದದ್ದು ಮುಚ್ಚಿಹೋದ ಗಣಿಯೊಂದರ ಕೊನೆಯ ಅದಿರು: ಕಪ್ಪು ಗ್ರಾಫೈಟು, ಬಿಳಿ ಮರಳು, ಎರಡೂ ಕಲೆತ ಪುಡಿ. ಸಂಜೆ ಗೈಡ್ ಪ್ರದ್ಯುಮ್ನ ಮನೆಗೇ ಬರುವವರಿದ್ದರು. ಅಷ್ಟರಲ್ಲಿ ಕಪ್ಪನ್ನು ಬೇರ್ಪಡಿಸದಿದ್ದರೆ ಸಂಶೋಧನೆಗೆ ದುಡ್ಡು ಹಾಕಿದ ಕಂಪನಿಯವರು ಯೋಜನೆಯನ್ನು ಕೈಬಿಡುತ್ತಾರೆ, ಜೊತೆಗೆ ವಾಗೀಶನನ್ನೂ.

ಎರಡು ಹನಿ ಸೀಮೆಎಣ್ಣೆ, ನೊರೆಗೆ ನೀಲಗಿರಿ ಎಣ್ಣೆ, ಕಲಕಲು ಮನೆಯ ಒಡತಿ ಚೂಡಾಮಣಿಯವರ ಕಡಗೋಲು.

“ಅಯ್ಯೋ, ಮಡಿ ಕಡಗೋಲು ಕಣೋ ಅದು! ಏನು ಕಡೀತಿದ್ದೀಯ?”

“ಆಂಟಿ, ಈ ಕರಿ ಪುಡಿಗೆ ನೀರು ಕಂಡ್ರೆ ಆಗಲ್ಲ. ಗಾಳಿಗುಳ್ಳೆ ಸಿಕ್ತೋ, ತಬ್ಕೊಂಡು ಮೇಲೆ ಬರುತ್ತೆ. ಮರಳಿಗೆ ನೀರೇ ನೆಂಟ. ಕೆಳಗೇ ಕೂತುಬಿಡುತ್ತೆ.”

“ನಮ್ಮನೆಯವರ ಥರ,” ಎಂದರು ಚೂಡಾಮಣಿ.

ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಪುಟ್ಟಲಿಂಗಮ್ಮ ಇಣುಕಿದರು. “ಬೆಣ್ಣೆ ಬತ್ತಾ, ವಾಗೀಸಪ್ಪ? ನೊರೆ ಸಾಲ್ದು, ತಕೋ!” ಹಿಡಿ ಸೀಗೆಪುಡಿ ಹಾರಿ ಬಂದು ಬಕೆಟ್ಟಿಗೆ ಬಿತ್ತು.

ನೊರೆ ಬುಸುಬುಸು ಉಕ್ಕಿ, ಹಿತ್ತಲಲ್ಲಿ ಜಂಬೂಸವಾರಿ ಹೊರಟಿತು. ಪಕ್ಕದಲ್ಲಿ ಮಲಗಿದ್ದ ಬಿಳಿ ಬೆಕ್ಕು ಕರಿ ಬೆಕ್ಕಾಗಿ ಗೋಡೆ ಹಾರಿತು. ಒಳಗೆ ಫೋನು ಬಡಕೊಳ್ಳುತ್ತಿತ್ತು. ವಾಗೀಶನ ಮೊಳಕೈವರೆಗೂ ಮಸಿ, ಎತ್ತುವುದೆಲ್ಲಿಂದ?

ಮಧ್ಯಾಹ್ನದ ಹೊತ್ತಿಗೆ ನೊರೆ ಪಳಗಿತು. ಬಕೆಟ್ಟಿನ ಮೇಲೆ ಕರಿ ಕಂಬಳಿಯಂತೆ ದಪ್ಪಗೆ, ಮಿರಿಮಿರಿ ಮಿಂಚುತ್ತ ನಿಂತಿತು. ವಾಗೀಶನಿಗೆ ಕಣ್ಣು ತುಂಬಿ ಬಂತು. ಮುಖ ತೊಳೆದುಕೊಂಡು ಬರಲು ಬಚ್ಚಲಿಗೆ ಓಡಿದ.

ಬಂದಾಗ ಪುಟ್ಟಲಿಂಗಮ್ಮ ಸೌಟು ಹಿಡಿದು ನಿಂತಿದ್ದರು.

“ಬೆಲ್ಲ ಕಾಯಿಸ್ದಾಗ ಬರೋ ಕೊಳೆ ಅಂಗೇ ಮೇಲೆ ನಿಂತಿತ್ತು ಕಣಪ್ಪ. ಎಲ್ಲಾ ತೆಗ್ದು ಮೋರಿಗೆ ಉಯ್ದ್ಬುಟ್ಟೆ. ನೋಡೀಗ, ಮಲ್ಲಿಗೆ ಹೂವಿನಂಗದೆ!”

ವಾಗೀಶ ಓಡಿಹೋಗಿ ಮೋರಿಗೆ ಬಗ್ಗಿ ನೋಡಿದ. ಕಪ್ಪೆಲ್ಲ ಕೆಸರಿಗೆ ಅಂಟಿಹೋಗಿತ್ತು. ಚೂಡಾಮಣಿ ತಳದ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಸಂಜೆ ಅರಿಶಿನ ಕುಂಕುಮಕ್ಕೆ ಕರೆದಿದ್ದೀನಿ, ರಂಗೋಲಿ ಪುಡಿ ಮುಗಿದುಹೋಗಿದೆ. ತೊಗೊಳ್ಲೇನೋ?”

“ಇನ್ನು ಅದು ಯಾರಿಗೆ ಬೇಕು ಆಂಟಿ, ಒಂದು ಕಾಳೂ ಬಿಡದೆ ತೊಗೊಳ್ಳಿ.”

ಮರಳು ತಾರಸಿಯ ಬಿಸಿಲಲ್ಲಿ ಒಣಗಿತು. ಇಳಿಹೊತ್ತಿಗೆ ಗೇಟಿನ ಮುಂದೆ ಜೋಡಿ ಹಂಸವಾಯಿತು. ಅದರ ಮೇಲೆಯೇ ಪ್ರದ್ಯುಮ್ನರ ಸ್ಕೂಟರು ಬಂದು ನಿಂತಿತು.

“ಬೆಳಿಗ್ಗೆಯಿಂದ ಫೋನ್ ಯಾಕ್ರೀ ಎತ್ತಲ್ಲ? ಬಚಾವಾದ್ರಿ! ಕಂಪನಿಯವರಿಗೆ ಗ್ರಾಫೈಟ್ ಬೇಡ್ವಂತೆ. ಗಾಜು ಮಾಡೋಕೆ ಬಿಳಿ ಮರಳು ಸಾಕಂತೆ. ಎಲ್ಲಿಟ್ಟಿದ್ದೀರಿ?”

ವಾಗೀಶ ಸ್ಕೂಟರಿನ ಚಕ್ರದ ಕೆಳಗೆ ಬೆರಳು ತೋರಿಸಿದ.

“ಯಾರ್ರೀ ಅದು, ಹಂಸದ ಕತ್ತಿನ ಮೇಲೆ ಗಾಡಿ ನಿಲ್ಲಿಸಿರೋದು?” ಎಂದು ಒಳಗಿಂದ ಚೂಡಾಮಣಿ ಕೂಗಿದರು.

“ಸದ್ಯ, ಗುಡಿಸಿ ತುಂಬ್ಕೊಳ್ಳಿ ವಾಗೀಶ, ಬೇಗ!” ಎಂದರು ಪ್ರದ್ಯುಮ್ನ.

“ನೀವು ಬುಡಿ ಸಾ, ನಾನು ಸರಿಮಾಡ್ತೀನಿ,” ಎನ್ನುತ್ತ ಪುಟ್ಟಲಿಂಗಮ್ಮ ಬಂದರು. ಮಾತು ಮುಗಿಯುವ ಮೊದಲೇ ಅವರ ಕೈಯ ಬಿಂದಿಗೆ ಬೋರಲಾಗಿತ್ತು.

ಮರಳು ತನ್ನ ನೆಂಟನ ಜೊತೆ ಸಲೀಸಾಗಿ ಹೊರಟಿತು. ಬೆಳಿಗ್ಗೆಯಿಂದ ವಾಗೀಶ ಬೆವರಿಳಿಸಿ ಬೇರ್ಪಡಿಸಿದ್ದ ಕಪ್ಪೂ ಬಿಳುಪೂ ಮೋರಿಯಲ್ಲಿ ಮತ್ತೆ ಒಂದಾದವು.