ನಡು ಬಗ್ಗಿಸಿ ಗೆಲ್ಲುವ ಯಂತ್ರ

ಮನುಷ್ಯನ ಮೈಯ ಪ್ರತಿಯೊಂದು ಚಲನೆಯನ್ನೂ ಅರಿತು ಅದರಂತೆ ಆಟವಾಡಿಸುವ ವಿಡಿಯೊ ಗೇಮ್ ಯಂತ್ರವನ್ನು ಸಂಸ್ಥೆಯು ಯಶಸ್ವಿಯಾಗಿ ತಯಾರಿಸಿದೆ ಎಂದು ಸರ್ವರಿಗೂ ತಿಳಿಯಪಡಿಸಲಾಗಿತ್ತು. ಒತ್ತಲು ಗುಂಡಿಯಿಲ್ಲ, ಹಿಡಿಯಲು ಕೋಲಿಲ್ಲ. ಟಿ.ವಿ. ಮುಂದೆ ನಿಂತು ಕೈ ಬೀಸಿದರೆ ಪರದೆಯ ಮೇಲಿನ ಗೊಂಬೆ ಟೆನ್ನಿಸ್ ಆಡಬೇಕು, ಕಾಲೆತ್ತಿದರೆ ಚೆಂಡು ಒದೆಯಬೇಕು. ಯಶಸ್ಸನ್ನು ಮೊದಲೇ ಘೋಷಿಸಿಯಾಗಿದ್ದರಿಂದ ಪರೀಕ್ಷೆಯೊಂದೇ ಬಾಕಿ ಉಳಿದಿತ್ತು.

ಪರೀಕ್ಷೆಗೆ ನೇಮಕಗೊಂಡವರು ಡ್ರಿಲ್ ಮೇಷ್ಟ್ರು. ಅವರಿದ್ದ ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಲೆಕ್ಕದ ಪೀರಿಯಡ್ಡು ನುಂಗಿಹಾಕಿದ ಮೇಲೆ ಕೆಲಸ ಕಳೆದುಕೊಂಡು ಮನೆಯಲ್ಲಿದ್ದರು. ಇಲ್ಲಿಯದು ತಾತ್ಕಾಲಿಕ ಹುದ್ದೆ. ಯಂತ್ರ ಪಾಸಾದರೆ ಖಾಯಂ, ಇಲ್ಲದಿದ್ದರೆ ಮತ್ತೆ ಮನೆ. ಬದುಕಿಡೀ ಅವರು ಮಕ್ಕಳಿಗೆ ಹೇಳಿಕೊಟ್ಟದ್ದು ಒಂದೇ ಮಾತು: "ಬೆನ್ನು ನೆಟ್ಟಗೆ!" ಅದನ್ನು ಮೊದಲು ಪಾಲಿಸಿದ್ದು ಅವರದೇ ಬೆನ್ನು. ಸಿನಿಮಾಕ್ಕೆ ಹೋದರೆ ಹಿಂದಿನ ಸೀಟಿನವರು ಜಾಗ ಬದಲಾಯಿಸುತ್ತಿದ್ದರು.

ಮೊದಲ ದಿನ ಮೇಷ್ಟ್ರು ಯಂತ್ರದ ಮುಂದೆ ಎದೆಯೆತ್ತಿ ನಿಂತು ಬಲಗೈ ಬೀಸಿದರು. "ಆಟಗಾರರು ಕಾಣುತ್ತಿಲ್ಲ" ಎಂದಿತು ಪರದೆ. ಮುಂದೆ ಬಂದರು. ಹಾರಿದರು. ನೆಲದ ಹಾಸಿನ ಮೇಲೆ ನಿಂತೇ ಈಜಿದರು. "ಆಟಗಾರರು ಕಾಣುತ್ತಿಲ್ಲ." ಬೆವರು ಧಾರಾಕಾರ ಇಳಿಯಿತೇ ಹೊರತು ಗೊಂಬೆ ಅಲುಗಲಿಲ್ಲ. ಅಷ್ಟರಲ್ಲಿ ಬೂಟಿನ ಲೇಸು ಬಿಚ್ಚಿಹೋಯಿತು. ಕಟ್ಟಿಕೊಳ್ಳಲು ಬಗ್ಗಿದರು. "ಅದ್ಭುತ ಹೊಡೆತ!" ಎಂದು ಯಂತ್ರ ಕಿರುಚಿತು, ಪರದೆಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಾಕ್ಸಿಂಗ್ ಹಾಕಿ ನೋಡಿದರು. ಬಗ್ಗಿದರೆ ಎದುರಾಳಿ ನೆಲಕ್ಕೆ. ಈಜು ಹಾಕಿದರು. ಬಗ್ಗಿದರೆ ಚಿನ್ನದ ಪದಕ.

ಯಂತ್ರ ತಯಾರಿಸಿದ ಇಂಜಿನಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಯಂತ್ರಕ್ಕೆ ಚಲನೆ ಕಲಿಸೋಕೆ ನಮ್ಮ ಸಿಬ್ಬಂದೀನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ವಿ, ಮೇಷ್ಟ್ರೇ. ನಮ್ಮ ಸಂಸ್ಥೆ ನಿರ್ದೇಶಕರಿಗೆ ಅದನ್ನ ನೋಡೋ ಆಸೆ, ಬಂದು ಕೂತ್ರು. ಅವರು ಬಂದ್ರೆ ಎಲ್ಲರೂ ನಡು ಬಗ್ಗಿಸ್ಬೇಕು ಅನ್ನೋದು ಇಲ್ಲಿನ ನಿಯಮ. ಬಗ್ಗಿಸಿದ್ವಿ."

"ಸರಿ, ಅವರು ಹೋದ ಮೇಲೆ?"

"ಹೋಗ್ಲೇ ಇಲ್ಲ. ಚಿತ್ರೀಕರಣ ಮುಗಿಯೋವರೆಗೂ ಇದ್ರು. ತುಂಬಾ ಆಸಕ್ತಿ ಅವರಿಗೆ."

"ಒಂದು ಮಾತು ಹೇಳ್ಬಾರದಿತ್ತಾ?"

"ಬಗ್ಗಿಕೊಂಡು ಏನು ಹೇಳೋದು? ಅವರ ಬೂಟಿಗೆ ಹೇಳ್ಬೇಕಾಗಿತ್ತು."

ಮೇಷ್ಟ್ರು ಕಂಡದ್ದನ್ನು ಕಂಡ ಹಾಗೆ ವರದಿ ಮಾಡಿದರು: ನೆಟ್ಟಗೆ ನಿಂತವರನ್ನು ಈ ಯಂತ್ರ ಮನುಷ್ಯರೆಂದು ಗುರುತಿಸುವುದಿಲ್ಲ. ಸಂಸ್ಥೆಯ ಪರೀಕ್ಷಾ ಸಮಿತಿ ಕೂಡಲೇ ಸಭೆ ಸೇರಿ ತನ್ನ ತೀರ್ಮಾನವನ್ನು ಹೊರಡಿಸಿತು. "ಪರೀಕ್ಷೆಯಲ್ಲಿ ಕಂಡುಬಂದ ನ್ಯೂನತೆಯು ಯಂತ್ರದ್ದಾಗಿರದೆ ಪರೀಕ್ಷಕರ ಬೆನ್ನಿನದಾಗಿರುತ್ತದೆ. ಸದರಿ ಬೆನ್ನನ್ನು ಸರಿಪಡಿಸಿಕೊಂಡು ಮರುಪರೀಕ್ಷೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿ ಬೆನ್ನನ್ನು ಅದರ ಮಾಲೀಕರ ಸಮೇತ ಸೇವೆಯಿಂದ ಬಿಡುಗಡೆಗೊಳಿಸಲಾಗುವುದು."

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಾ ಎಲ್ಲ ಕೇಳಿಸಿಕೊಂಡಳು. "ನಲ್ಲಿ ಕೆಳಗಿನ ಬಕೆಟ್ ಎತ್ತೋಕೆ ದಿನಾ ಬಗ್ತೀರಲ್ಲ? ಅಲ್ಲೂ ಒಂದು ಬಕೆಟ್ ಇದೆ ಅಂದ್ಕೊಳ್ಳಿ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?"

"ಕೆಲಸ ಖಾಯಂ ಆದ್ರೆ ಮರ ಏನು, ಲೈಟುಕಂಬವೂ ಬಗ್ಗುತ್ತೆ."

ಮರುಪರೀಕ್ಷೆಯ ದಿನ ಮೇಷ್ಟ್ರು ಬಾಗಿಲಾಚೆ ನಿಂತು, ಯಾರೂ ನೋಡದ ಹಾಗೆ, ಬೂಟಿನ ಲೇಸನ್ನು ತಾವೇ ಸಡಿಲಿಸಿಕೊಂಡು ಒಳಗೆ ಬಂದರು. ನಿರ್ದೇಶಕರು ಸೋಫಾದಲ್ಲಿದ್ದರು. ಮೇಷ್ಟ್ರು ಲೇಸು ಕಟ್ಟಿಕೊಳ್ಳಲು ಬಗ್ಗಿದರು, ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ತಾವು ಬಗ್ಗಿದ್ದು ಲೇಸಿಗೆ, ಬೇರೆ ಯಾರಿಗೂ ಅಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಯಂತ್ರಕ್ಕೆ ಅಷ್ಟೆಲ್ಲ ಸೂಕ್ಷ್ಮ ಬೇಕಿರಲಿಲ್ಲ. ಪೂರ್ತಿ ಅಂಕ ಕೊಟ್ಟಿತು.

ಆಮೇಲೆ ನಿರ್ದೇಶಕರೂ ಒಂದು ಕೈ ನೋಡಿದರು. ಯಂತ್ರಕ್ಕೆ ಅವರು ಕಾಣಲೇ ಇಲ್ಲ. ಇದು ಅವರ ಸ್ಥಾನಕ್ಕೆ ಯಂತ್ರ ಸಲ್ಲಿಸಿದ ಗೌರವವೆಂದು ಸಮಿತಿ ಒಮ್ಮತದಿಂದ ನಿರ್ಣಯಿಸಿತು. ಮೇಷ್ಟ್ರು ಖಾಯಂ ಆದರು. ಖಾಯಂ ನೌಕರರಿಗೆಲ್ಲ ಸಂಸ್ಥೆ ಕೊಡುವ ಸಮವಸ್ತ್ರ, ಹೊಸ ಬೂಟು ಅವರಿಗೂ ಬಂದವು. ಹೆಂಡತಿ ಬೂಟನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿದಳು.

ಯಂತ್ರದ ಬಿಡುಗಡೆ ಸಮಾರಂಭ ನಡೆದದ್ದು ಮೇಷ್ಟ್ರ ಹಳೆಯ ಶಾಲೆಯಲ್ಲೇ. ಯಂತ್ರ ಕೊಂಡ ಸಂಭ್ರಮಕ್ಕೆ ಆಟದ ಪೀರಿಯಡ್ಡಿಗೆ ಮರುಜೀವ ಬಂದಿತ್ತು. ಮಕ್ಕಳು ಸಭಾಂಗಣದಲ್ಲಿ ಸಾಲಾಗಿ ನಿಂತಿದ್ದರು. ಆ ಸಾಲು ಕಂಡದ್ದೇ ತಡ, ಮೇಷ್ಟ್ರ ಬಾಯಿಂದ ಹಳೆಯ ಮಾತು ತಾನಾಗಿ ಹೊರಬಿತ್ತು. "ಬೆನ್ನು ನೆಟ್ಟಗೆ!"

ಇಡೀ ಸಭಾಂಗಣ ಒಮ್ಮೆಲೇ ನೆಟ್ಟಗಾಯಿತು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಇವರು ನನ್ನ ಮಕ್ಕಳು, ಮರೆತಿಲ್ಲ ಎಂದು ಹೆಮ್ಮೆಯಾಯಿತು.

"ಆಟಗಾರರು ಕಾಣುತ್ತಿಲ್ಲ" ಎಂದಿತು ಯಂತ್ರ.

ವೇದಿಕೆಯ ಮೇಲೆ ನಿರ್ದೇಶಕರು ಕೆಮ್ಮಿದರು. ಮುಖ್ಯೋಪಾಧ್ಯಾಯಿನಿ ಮೇಷ್ಟ್ರತ್ತ ತಿರುಗಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ ಕೇಳಿದಳು: "ಸಾರ್, ನಾವೆಲ್ಲ ಇಲ್ಲೇ ಇದೀವಲ್ಲ?"

ಮೇಷ್ಟ್ರು ಅವಳನ್ನೇ ನೋಡಿದರು. "ಇದೀರಮ್ಮಾ," ಎಂದರು, "ಆದ್ರೆ ಹೀಗಿದ್ರೆ ಮಾತ್ರ." ನಡು ಬಗ್ಗಿಸಿ ತೋರಿಸಿದರು. ಸಾಲಿಗೆ ಸಾಲೇ ಬಗ್ಗಿತು. ಎಲ್ಲರೂ ಏಕಕಾಲಕ್ಕೆ ಟೆನ್ನಿಸ್ ಗೆದ್ದರು. ಅಪ್ಪ ಅಮ್ಮಂದಿರ ಚಪ್ಪಾಳೆ ನಿಲ್ಲಲಿಲ್ಲ; ಆಟ ಇಷ್ಟೊಂದು ಶಿಸ್ತು ಕಲಿಸುತ್ತದೆಂದು ಗೊತ್ತಿರಲಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಮೈಕಿನಲ್ಲಿ ಒಪ್ಪಿಕೊಂಡರು.

ಬಗ್ಗಿದ್ದ ಮೇಷ್ಟ್ರು ಅಭ್ಯಾಸದಂತೆ ಬೂಟಿಗೆ ಕೈ ಹಾಕಿದರು. ಖಾಯಂ ನೌಕರರ ಬೂಟು ಅದು; ಲೇಸೇ ಇರಲಿಲ್ಲ. ಎದ್ದೇಳಲು ಯಾರೂ ಹೇಳದ ಕಾರಣ ಹಾಗೇ ಇದ್ದರು.