ಮಹಿಳಾ ಶೌಚಾಲಯದ ಬೀಗದ ಕೈ ಕುರಿತು

ಇಲಾಖಾ ಕಾರ್ಯಾಲಯ, ಬಟವಾಡಿ, ತುಮಕೂರು
ಸಂಖ್ಯೆ: ಇಕಾ/ಶೌಚ/ಬೀಗ/7/2003-04
ದಿನಾಂಕ: 18-8-2003

ಸುತ್ತೋಲೆ

ವಿಷಯ: ಸ್ತ್ರೀ ಪುರುಷ ಸಮಾನತೆ ಪಾಲಿಸುವಾಗ ಬೀಗದ ಕೈ ಯಾರ ಬಳಿ ಇರತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ:
1. ಭಾರತ ಸಂವಿಧಾನ, ಅನುಚ್ಛೇದ 14 ಮತ್ತು 15.
2. ಬೆರಳಚ್ಚುಗಾರ್ತಿ ಶ್ರೀಮತಿ ನೇತ್ರಾವತಿ ಇವರ ಮನವಿ, ದಿ: 4-7-2001 (ಕಡತ ಲಭ್ಯವಿಲ್ಲ).

ಪ್ರಸ್ತಾವನೆ:
ಗಣರಾಜ್ಯದ ಸುವರ್ಣ ವರ್ಷದಲ್ಲಿ (2000) ಈ ಕಾರ್ಯಾಲಯದ ಮೂವರು ಮಹಿಳಾ ನೌಕರರಿಗೆಂದು ಶೌಚಾಲಯ ಕಟ್ಟಿಸಿ, ಭಾಷಣ ಮಾಡಿ, ರಿಬ್ಬನ್ ಕತ್ತರಿಸಿ, ಅದೇ ಸಂಜೆ ಕುಣಿಗಲ್ ತಾಲ್ಲೂಕಿನ ಹಳೇ ಕಡತಗಳನ್ನು ತಾತ್ಕಾಲಿಕವಾಗಿ ಒಳಗಿಟ್ಟು ಬೀಗ ಹಾಕಲಾಗಿತ್ತು. ನಂತರ ಬಂದ ಕಡತಗಳನ್ನೂ ಕಿಟಕಿಯ ಮೂಲಕ ಅಲ್ಲಿಗೇ ಸೇರಿಸುತ್ತಾ ಬರಲಾಗಿದೆ. ತಾತ್ಕಾಲಿಕ ಅವಧಿಯು ಇನ್ನೂ ಮುಗಿದಿರುವುದಿಲ್ಲ. ಆದ್ದರಿಂದ ಸರ್ವರಿಗೂ ತಿಳಿಯಪಡಿಸುವುದೇನೆಂದರೆ:

1. ಕಾನೂನಿನ ಮುಂದೆ ಎಲ್ಲರೂ ಸಮಾನರಾಗಿರುವುದರಿಂದ, ಬೀಗ ಹಾಕಿದ ಬಾಗಿಲ ಮುಂದೆಯೂ ಎಲ್ಲರೂ ಸಮಾನರೆಂದು ಭಾವಿಸತಕ್ಕದ್ದು.

2. ಮಹಿಳಾ ನೌಕರರು ಎದುರು ಮನೆಯ ಹಜರಾ ಬೀ ಇವರ ಶೌಚಾಲಯಕ್ಕೆ ಹೋಗಿಬರುತ್ತಿರುವುದು ಗಮನಕ್ಕೆ ಬಂದಿದೆ. ಹೋಗುವ ಮುನ್ನ ಚಲನವಲನ ವಹಿಯಲ್ಲಿ ಉದ್ದೇಶ ನಮೂದಿಸತಕ್ಕದ್ದು. "ಸಾರ್ವಜನಿಕ ಸಂಪರ್ಕ" ಎಂದು ಬರೆದರೆ ಸಾಕು. ಹಜರಾ ಬೀ ಕೊಡುವ ಟೀ ಕುಡಿಯುವ ಮುನ್ನ ಪೂರ್ವಾನುಮತಿ ಪಡೆಯತಕ್ಕದ್ದು.

3. ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ಬರುವ ಅಟೆಂಡರ್ ಶ್ರೀಮತಿ ಚಿಕ್ಕಗಂಗಮ್ಮ ಇವರು "ಬೆಳಗ್ಗಿಂದ ಸಂಜೆಗಂಟ ನೀರು ಕುಡಿಯೋದೇ ಬುಟ್ಟಿದೀನಿ ಸ್ವಾಮಿ, ನಿಮ್ಗೇನ್ ಗೊತ್ತಾಯ್ತದೆ" ಎಂದಿರುವುದು ಮೌಖಿಕವಾದ್ದರಿಂದ ಪರಿಗಣಿಸಲಾಗಿಲ್ಲ. ಆದಾಗ್ಯೂ ಕುಡಿಯುವ ನೀರಿನ ಉಳಿತಾಯಕ್ಕಾಗಿ ಅವರನ್ನು ಶ್ಲಾಘಿಸಲಾಗಿದೆ.

4. ಬಾಗಿಲು ತೆರೆಯಲು ಆದೇಶ ಬೇಕು. ಆದೇಶ ಹೊರಡಿಸಲು ಉಲ್ಲೇಖ 2ರ ಮನವಿ ಬೇಕು. ಸದರಿ ಮನವಿಯ ಕಡತವು ಹುಡುಕಲಾಗಿ, ಶೌಚಾಲಯದ ಒಳಗೇ ಇರುವುದಾಗಿ ತಿಳಿದುಬಂದಿದೆ. ಆದ್ದರಿಂದ ಬಾಗಿಲು ತೆರೆಯುವವರೆಗೆ ಬಾಗಿಲು ತೆರೆಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

5. ಈ ದಿನ ಬೆಳಗ್ಗೆ 11ಕ್ಕೆ ಪುರುಷರ ಶೌಚಾಲಯ ಕಟ್ಟಿಕೊಂಡಿರುತ್ತದೆ. ಪರಿಸ್ಥಿತಿಯ ಗಾಂಭೀರ್ಯ ಮನಗಂಡು, ಆದೇಶಕ್ಕೆ ಕಾಯದೆ, ಹತ್ತು ನಿಮಿಷದೊಳಗೆ ಮಹಿಳಾ ಶೌಚಾಲಯದ ಬೀಗ ತೆಗೆಯಲಾಗಿದೆ. ಅಧೀಕ್ಷಕ ಶ್ರೀ ಚನ್ನವೀರಯ್ಯ ಇವರು ಖುದ್ದು ಮೂರು ವರ್ಷದ ಕಡತಗಳನ್ನು ಹೊತ್ತು ವರಾಂಡಕ್ಕೆ ಹಾಕಿರುತ್ತಾರೆ. ಕೊನೆಯ ಕಟ್ಟು ಇಳಿಸಿ ಅವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಶ್ರೀಮತಿ ಚಿಕ್ಕಗಂಗಮ್ಮ ಇವರು ಒಳಹೋಗಿ, ಹೊರಬಂದು, ತಮ್ಮ ಸ್ವಂತ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾರೆ. ಕೇಳಲಾಗಿ, "ಅರ್ಜಿ ಬರ್ಕೊಡಿ ಸ್ವಾಮಿ, ನೋಡಾಣ" ಎಂದಿರುತ್ತಾರೆ.

6. ಪುರುಷ ನೌಕರರು ಎದುರು ಮನೆಗೆ ಹೋಗಿ ವಿಚಾರಿಸಲಾಗಿ, ಹಜರಾ ಬೀ ಇವರು "ಹೆಣ್ಮಕ್ಕಳಿಗೆ ಮಾತ್ರ ಸಾಹೇಬ್ರೆ" ಎಂದು ಬಾಗಿಲು ಹಾಕಿಕೊಂಡಿರುತ್ತಾರೆ. ಅದರಿಂದಾಗಿ ಸಮಾನತೆಯ ಹಿತದೃಷ್ಟಿಯಿಂದ ಪುರುಷ ನೌಕರರೂ ಈ ಕ್ಷಣದಿಂದ ನೀರು ಕುಡಿಯುವುದನ್ನು ಬಿಡತಕ್ಕದ್ದು.

ಸಹಿ/-
ಲಕ್ಷ್ಮೀನರಸಿಂಹಯ್ಯ
ಕಾರ್ಯಾಲಯದ ಮುಖ್ಯಸ್ಥರು
(ಕುಳಿತುಕೊಳ್ಳಲಾಗದ ಕಾರಣ ನಿಂತೇ ಸಹಿ ಮಾಡಿರುತ್ತಾರೆ)

ಪ್ರತಿಗಳು:
1. ಗುಬ್ಬಿ, ಕುಣಿಗಲ್ ಉಪ ಕಾರ್ಯಾಲಯಗಳಿಗೆ: ಮಾಹಿತಿಗಾಗಿ. ಅಲ್ಲಿ ಬೀಗ ಹಾಕಲು ಮಹಿಳಾ ಶೌಚಾಲಯವೇ ಇಲ್ಲದಿರುವುದರಿಂದ ಅನ್ವಯಿಸುವುದಿಲ್ಲ.
2. ಹಜರಾ ಬೀ, ಎದುರು ಮನೆ: ಮರುಪರಿಶೀಲನೆಯ ಕೋರಿಕೆಯೊಂದಿಗೆ.
3. ಶ್ರೀಮತಿ ನೇತ್ರಾವತಿ: ಇವರ ಮನವಿ ಸಿಕ್ಕಿದೆ. ಮೇಲಿನ ಕಟ್ಟಿನಲ್ಲೇ ಇತ್ತು. ಮಂಜೂರು ಮಾಡಲಾಗಿದೆ.
4. ಶ್ರೀಮತಿ ಚಿಕ್ಕಗಂಗಮ್ಮ: ಮುಖ್ಯಸ್ಥರ ಅರ್ಜಿ ಲಗತ್ತಿಸಿದೆ. ಬೀಗದ ಕೈಯೊಂದಿಗೆ ಖುದ್ದು ಬರುವುದು. ಅತಿ ಜರೂರು.